ನಿದ್ದೆಯ ಕಾವಲಿಗೆ ಮೂರು ವರ್ಷದ ತರಬೇತಿ

ಶಸ್ತ್ರಚಿಕಿತ್ಸೆ ಎಂದೊಡನೆ ಕಣ್ಣ ಮುಂದೆ ಬರುವುದು ಸರ್ಜನ್. ರೋಗಿಯ ತಲೆಯ ಬಳಿ, ಪರದೆಯ ಆಚೆ ಬದಿಯಲ್ಲಿ ಕುಳಿತು ಉಸಿರು, ನಾಡಿ, ರಕ್ತದೊತ್ತಡಗಳ ಮೇಲೆ ಕಣ್ಣಿಟ್ಟಿರುವ ಇನ್ನೊಬ್ಬರ ಹೆಸರು ಮನೆಗೆ ಮರಳಿದ ರೋಗಿಗೆ ನೆನಪಿರುವುದು ಅಪರೂಪ. ಅವರೇ ಅರಿವಳಿಕೆ ಕೊಟ್ಟವರು. ಭಾರತದಲ್ಲಿ ಈ ಕೆಲಸ ವೈದ್ಯರದ್ದು. ಎಂ.ಬಿ.ಬಿ.ಎಸ್. ಮುಗಿಸಿ, ಆ ಮೇಲೆ ಅರಿವಳಿಕೆ ಶಾಸ್ತ್ರದಲ್ಲಿ ಎಂ.ಡಿ., ಡಿ.ಎನ್.ಬಿ. ಅಥವಾ ಡಿಪ್ಲೊಮಾ ಪಡೆದವರು ಆ ಕುರ್ಚಿಯಲ್ಲಿ ಕೂರುತ್ತಾರೆ. ಅಮೆರಿಕದಲ್ಲಿ ಹಾಗಿಲ್ಲ. ಅಲ್ಲಿ ಆ ಕುರ್ಚಿಯಲ್ಲಿ ಇರುವವರು ವೈದ್ಯರಾಗಿರಬಹುದು, ನರ್ಸ್ ಕೂಡ ಆಗಿರಬಹುದು.

ಈ ನರ್ಸ್‌ಗಳಿಗೆ ಅಲ್ಲಿ ಸಿ.ಆರ್.ಎನ್.ಎ. ಎಂಬ ಹೆಸರು. ಪ್ರಮಾಣಪತ್ರ ಪಡೆದ ನೋಂದಾಯಿತ ಅರಿವಳಿಕೆ ನರ್ಸ್ ಎಂದು ಅದರ ಅರ್ಥ. ನರ್ಸಿಂಗ್ ವೃತ್ತಿಯಲ್ಲೇ ಅತಿ ಹೆಚ್ಚು ಸಂಬಳ ತರುವ ಕೆಲಸಗಳಲ್ಲಿ ಇದೂ ಒಂದು. ಅಮೆರಿಕ ಸರ್ಕಾರದ ಕಾರ್ಮಿಕ ಅಂಕಿಅಂಶ ಇಲಾಖೆಯ 2023ರ ಲೆಕ್ಕದಂತೆ ನಡುಮಟ್ಟದ ವಾರ್ಷಿಕ ವೇತನ 2 ಲಕ್ಷ 12 ಸಾವಿರ ಡಾಲರಿನ ಆಸುಪಾಸು. ಮಗಳನ್ನೋ ಮಗನನ್ನೋ ಬಿ.ಎಸ್ಸಿ. ನರ್ಸಿಂಗ್‌ಗೆ ಸೇರಿಸಿದ ತಂದೆತಾಯಿ ಈ ಅಂಕಿಯನ್ನು ಕೇಳಿದೊಡನೆ ರೂಪಾಯಿಗೆ ಗುಣಿಸತೊಡಗುವುದು ಸಹಜವೇ. ಗುಣಾಕಾರಕ್ಕೆ ಮುನ್ನ ಆ ಕುರ್ಚಿಯವರೆಗಿನ ದಾರಿ ಹೇಗಿದೆ, ಎಷ್ಟು ಉದ್ದ, ಎಲ್ಲೆಲ್ಲಿ ಬಾಗಿಲು ಮುಚ್ಚಿದೆ ಎಂಬುದನ್ನು ನೋಡುವುದು ಒಳ್ಳೆಯದು.

ನರ್ಸ್ ಕೈಗೆ ಈಥರ್ ಬಂದದ್ದು

ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ 1846ರ ಅಕ್ಟೋಬರ್ 16ರಂದು ದಂತವೈದ್ಯ ವಿಲಿಯಂ ಮಾರ್ಟನ್ ಈಥರ್ ಕೊಟ್ಟು ಶಸ್ತ್ರಚಿಕಿತ್ಸೆಯನ್ನು ನೋವಿಲ್ಲದೆ ಮಾಡಿಸಿ ತೋರಿಸಿದ. ಅಲ್ಲಿಂದಾಚೆಗೆ ಈಥರ್ ಎಲ್ಲೆಡೆ ಹರಡಿತು. ಆದರೆ ಅದನ್ನು ಕೊಡುವವರು ಯಾರು ಎಂಬುದು ಬಹುಕಾಲ ಇತ್ಯರ್ಥವಾಗಲಿಲ್ಲ. ಹೆಚ್ಚಿನ ಕಡೆ ಕಿರಿಯ ವೈದ್ಯನ ಅಥವಾ ವೈದ್ಯ ವಿದ್ಯಾರ್ಥಿಯ ಕೈಗೆ ಈಥರ್ ಬಟ್ಟಲು ಕೊಟ್ಟು ನಿಲ್ಲಿಸುತ್ತಿದ್ದರು. ಅವನ ಕಣ್ಣೆಲ್ಲ ಸರ್ಜನ್ನನ ಚಾಕುವಿನ ಮೇಲೆ, ಏಕೆಂದರೆ ಅವನು ಕಲಿಯಬೇಕೆಂದಿದ್ದುದು ಅದನ್ನು. ರೋಗಿಯ ತುಟಿ ನೀಲಿಯಾದದ್ದು ತಡವಾಗಿ ಗೊತ್ತಾಗುತ್ತಿತ್ತು. ರೋಗಿಯನ್ನೇ ನೋಡುತ್ತ ಕೂರುವವರು ಬೇಕು ಎಂದು ಬೇಸತ್ತ ಸರ್ಜನ್ನರು ನರ್ಸ್‌ಗಳತ್ತ ತಿರುಗಿದರು.

ಪೆನ್ಸಿಲ್ವೇನಿಯಾದ ಈರಿ ಪಟ್ಟಣದ ಸೇಂಟ್ ವಿನ್ಸೆಂಟ್ ಆಸ್ಪತ್ರೆಯಲ್ಲಿ 1877ರಲ್ಲಿ ಸಿಸ್ಟರ್ ಮೇರಿ ಬರ್ನಾರ್ಡ್ ಎಂಬ ಸನ್ಯಾಸಿನಿ ಈ ಕೆಲಸ ವಹಿಸಿಕೊಂಡರು. ಇದನ್ನೇ ವಿಶೇಷ ವೃತ್ತಿಯಾಗಿ ಮಾಡಿಕೊಂಡ ಮೊದಲ ನರ್ಸ್ ಎಂದು ಅವರನ್ನು ಗುರುತಿಸುತ್ತಾರೆ. ಮಿನ್ನೆಸೋಟ ರಾಜ್ಯದ ರಾಚೆಸ್ಟರ್‌ನಲ್ಲಿ ಮೇಯೋ ಸಹೋದರರ ಜೊತೆ ಕೆಲಸ ಮಾಡಿದ ಆಲಿಸ್ ಮಗಾ ಇನ್ನೂ ಮುಂದೆ ಹೋದರು. ಈಥರನ್ನು ಹನಿಹನಿಯಾಗಿ ಬಿಡುತ್ತ, ರೋಗಿಯೊಂದಿಗೆ ಮೆಲುದನಿಯಲ್ಲಿ ಮಾತನಾಡುತ್ತ ನಿದ್ದೆಗೆ ಇಳಿಸುವುದು ಅವರ ರೀತಿ. ತಾವು ನಡೆಸಿದ 14 ಸಾವಿರಕ್ಕೂ ಹೆಚ್ಚು ಅರಿವಳಿಕೆಗಳ ವಿವರವನ್ನು ಅವರು 1906ರಲ್ಲಿ ಪ್ರಕಟಿಸಿದರು. ಅಷ್ಟರಲ್ಲಿ ಅರಿವಳಿಕೆಯ ಕಾರಣದಿಂದ ಒಂದು ಸಾವೂ ಆಗಿರಲಿಲ್ಲ. ಆ ಕಾಲದ ಸಲಕರಣೆಗಳನ್ನು ನೆನೆದರೆ ಇದು ಸಣ್ಣ ಮಾತಲ್ಲ. ರಕ್ತದಲ್ಲಿನ ಆಮ್ಲಜನಕ ಅಳೆಯುವ ಯಂತ್ರ ಇರಲಿಲ್ಲ. ಕಣ್ಣು, ಕಿವಿ, ನಾಡಿಯ ಮೇಲಿಟ್ಟ ಬೆರಳು, ಇವೇ ಯಂತ್ರಗಳು.

ಶಾಲೆಗಳೂ ಬಂದವು. 1909ರಲ್ಲಿ ಓರೆಗನ್ ರಾಜ್ಯದ ಪೋರ್ಟ್‌ಲ್ಯಾಂಡ್‌ನಲ್ಲಿ ಆಗ್ನೆಸ್ ಮೆಗೀ ಮೊದಲ ಶಾಲೆ ತೆರೆದರು. ಕೋರ್ಸು ಏಳು ತಿಂಗಳದ್ದು. ಕ್ಲೀವ್‌ಲ್ಯಾಂಡಿನ ಲೇಕ್‌ಸೈಡ್ ಆಸ್ಪತ್ರೆಯಲ್ಲಿ 1915ರಲ್ಲಿ ಶಾಲೆ ಕಟ್ಟಿದ ಆಗಥಾ ಹಾಜಿನ್ಸ್ 1931ರಲ್ಲಿ ಅರಿವಳಿಕೆ ನರ್ಸ್‌ಗಳ ರಾಷ್ಟ್ರೀಯ ಸಂಘವನ್ನೂ ಸ್ಥಾಪಿಸಿದರು.

ವೈದ್ಯರ ವಿರೋಧವೂ ಬಂತು. ನರ್ಸ್ ಅರಿವಳಿಕೆ ಕೊಟ್ಟರೆ ಅದು ಪರವಾನಗಿ ಇಲ್ಲದ ವೈದ್ಯವೃತ್ತಿ ಎಂಬ ವಾದ ಎರಡು ಸಲ ನ್ಯಾಯಾಲಯದ ಮೆಟ್ಟಿಲೇರಿತು. ಕೆಂಟಕಿಯಲ್ಲಿ 1917ರಲ್ಲಿ, ಕ್ಯಾಲಿಫೋರ್ನಿಯಾದಲ್ಲಿ 1936ರಲ್ಲಿ ಬಂದ ತೀರ್ಪುಗಳೆರಡೂ ನರ್ಸ್‌ಗಳ ಪರ. ಹಾಗೆಂದು ಜಗಳ ಮುಗಿದಿಲ್ಲ, ಇಂದಿಗೂ ಇದೆ. ಆದರೆ ಆ ಜಗಳದಿಂದ ಒಂದು ಲಾಭವಾಯಿತು. ತಮ್ಮ ಮೇಲೆ ಸದಾ ಕಣ್ಣಿದೆ ಎಂಬುದನ್ನು ಅರಿತ ಈ ವೃತ್ತಿಯವರು ತಮ್ಮ ತರಬೇತಿಯನ್ನು ತಾವೇ ಬಿಗಿ ಮಾಡುತ್ತ ಹೋದರು. 1945ರಲ್ಲಿ ರಾಷ್ಟ್ರಮಟ್ಟದ ಪರೀಕ್ಷೆ, 1952ರಲ್ಲಿ ಶಾಲೆಗಳಿಗೆ ಮಾನ್ಯತೆ ಪದ್ಧತಿ, 1956ರಲ್ಲಿ ಸಿ.ಆರ್.ಎನ್.ಎ. ಎಂಬ ಬಿರುದು, 1998ರ ಹೊತ್ತಿಗೆ ಎಲ್ಲ ಕಡೆ ಸ್ನಾತಕೋತ್ತರ ಪದವಿ ಕಡ್ಡಾಯ. 2022ರ ಜನವರಿಯಿಂದ ಹೊಸದಾಗಿ ಸೇರುವ ಪ್ರತಿಯೊಬ್ಬರೂ ಡಾಕ್ಟರೇಟ್ ಮಟ್ಟದ ಕೋರ್ಸಿಗೇ ಸೇರಬೇಕು. ಏಳು ತಿಂಗಳ ಕೋರ್ಸು ನೂರು ವರ್ಷ ಚಿಲ್ಲರೆಯಲ್ಲಿ ಕನಿಷ್ಠ ಮೂರು ವರ್ಷದ ಡಾಕ್ಟರೇಟ್ ಆಯಿತು.

ಮೊದಲ ಬಾಗಿಲು ತೀವ್ರ ನಿಗಾ ಘಟಕ

ಕಾಲೇಜಿನಿಂದ ನೇರವಾಗಿ ಈ ಕೋರ್ಸಿಗೆ ಹೋಗುವಂತಿಲ್ಲ. ಪದವಿ ಬೇಕು, ನೋಂದಾಯಿತ ನರ್ಸ್ ಎಂಬ ಅಮೆರಿಕದ ಪರವಾನಗಿ ಬೇಕು, ಅದರ ಮೇಲೆ ತೀವ್ರ ನಿಗಾ ಘಟಕದಲ್ಲಿ, ಎಂದರೆ ಐ.ಸಿ.ಯು.ನಲ್ಲಿ, ಕನಿಷ್ಠ ಒಂದು ವರ್ಷದ ಪೂರ್ಣಾವಧಿ ಕೆಲಸದ ಅನುಭವ ಬೇಕು. ಕನಿಷ್ಠ ಎಂಬುದು ಕಾಗದದ ಮೇಲಿನ ಮಾತು. ಪೈಪೋಟಿ ಜೋರಾಗಿರುವುದರಿಂದ ಆಯ್ಕೆಯಾಗುವವರಲ್ಲಿ ಹೆಚ್ಚಿನವರು ಅದಕ್ಕಿಂತ ಹೆಚ್ಚು ಕಾಲ ಐ.ಸಿ.ಯು.ನಲ್ಲಿ ಕಳೆದಿರುತ್ತಾರೆ. ಸಂದರ್ಶನದಲ್ಲಿ ಅಂಕಪಟ್ಟಿಗಿಂತ ಹೆಚ್ಚಾಗಿ ಕೆದಕುವುದೂ ಇದನ್ನೇ. ರಕ್ತದೊತ್ತಡ ಕುಸಿದ ರೋಗಿಗೆ ಯಾವ ಔಷಧಿಯ ಹನಿ ಎಷ್ಟು ಏರಿಸಿದಿರಿ, ಏಕೆ? ವೆಂಟಿಲೇಟರ್ ಕೂಗಿಕೊಂಡಾಗ ಮೊದಲು ಏನನ್ನು ನೋಡಿದಿರಿ?

ಈ ನಿಯಮ ಕೇವಲ ಸೋಸುವ ಜರಡಿ ಅಲ್ಲ. ಐ.ಸಿ.ಯು. ನರ್ಸ್ ವೆಂಟಿಲೇಟರಿನ ಜೊತೆ ಬದುಕಿರುತ್ತಾಳೆ, ಹೃದಯದ ಲಯ ತಪ್ಪುವುದನ್ನು ಪರದೆಯ ಮೇಲೆ ನೂರಾರು ಸಲ ಕಂಡಿರುತ್ತಾಳೆ, ನಿಮಿಷ ನಿಮಿಷಕ್ಕೂ ಬದಲಾಗುವ ರೋಗಿಯ ಪಕ್ಕ ರಾತ್ರಿಯಿಡೀ ನಿಂತಿರುತ್ತಾಳೆ. ಅರಿವಳಿಕೆಯ ಕೆಲಸವೂ ಹೆಚ್ಚುಕಡಿಮೆ ಅದೇ. ವ್ಯತ್ಯಾಸ ಒಂದೇ. ಐ.ಸಿ.ಯು.ನಲ್ಲಿ ರೋಗಿಯ ಉಸಿರು ನಿಲ್ಲಿಸಿದ್ದು ಕಾಯಿಲೆ. ಇಲ್ಲಿ ಆ ಉಸಿರನ್ನು ಔಷಧಿ ಕೊಟ್ಟು ನಿಲ್ಲಿಸುವವರು ತಾವೇ.

ಕರ್ನಾಟಕದ ವಿದ್ಯಾರ್ಥಿಗಳು ಗಮನಿಸಬೇಕಾದ ಒಂದು ಅಂಶ ಇಲ್ಲಿದೆ. ಮಾನ್ಯತೆ ನೀಡುವ ಮಂಡಳಿಯ ವ್ಯಾಖ್ಯೆಯ ಪ್ರಕಾರ ಈ ಐ.ಸಿ.ಯು. ಅನುಭವ ಅಮೆರಿಕದಲ್ಲಿ, ಅದರ ಅಧೀನ ಪ್ರದೇಶಗಳಲ್ಲಿ ಅಥವಾ ಹೊರದೇಶದಲ್ಲಿರುವ ಅಮೆರಿಕದ ಸೇನಾ ಆಸ್ಪತ್ರೆಯಲ್ಲಿ ಪಡೆದದ್ದಾಗಿರಬೇಕು. ಬೆಂಗಳೂರಿನ ದೊಡ್ಡ ಆಸ್ಪತ್ರೆಯ ಐ.ಸಿ.ಯು.ನಲ್ಲಿ ಐದು ವರ್ಷ ದುಡಿದಿದ್ದರೂ ಈ ಲೆಕ್ಕಕ್ಕೆ ಅದು ಸೇರದು. ಆ ಅನುಭವದಿಂದ ಅಲ್ಲಿನ ಆಸ್ಪತ್ರೆಯಲ್ಲಿ ಐ.ಸಿ.ಯು. ಕೆಲಸ ಸಿಗಲು ಅನುಕೂಲವಾದೀತು, ಅಷ್ಟೇ. ವಿದೇಶಿ ನೌಕರಿಯ ಜಾಹೀರಾತುಗಳಲ್ಲಿ ಈ ಒಂದು ಸಾಲು ಕಾಣಸಿಗುವುದಿಲ್ಲ.

ಬಾಯ್ಲನ ನಿಯಮ, ಗುಪ್ತೋಷ್ಣ

ಸೇರಿದ ಮೇಲೆ ಕಲಿಸುವುದೇನು? ಶರೀರಕ್ರಿಯೆ ಮತ್ತು ರೋಗಕ್ರಿಯೆಗೆ ಕನಿಷ್ಠ 120 ಗಂಟೆಗಳ ಪಾಠ, ಔಷಧಶಾಸ್ತ್ರಕ್ಕೆ 90, ಅರಿವಳಿಕೆಯ ಮೂಲತತ್ವಗಳಿಗೆ 120, ಸಂಶೋಧನಾ ವಿಧಾನಕ್ಕೆ 75, ರೋಗಿಯ ತಪಾಸಣೆಗೆ 45 ಎಂದು ಮಂಡಳಿ ನಿಗದಿ ಮಾಡಿದೆ. ಕೆಲವು ವಿಶ್ವವಿದ್ಯಾಲಯಗಳು ಮೊದಲ ವರ್ಷವೆಲ್ಲ ತರಗತಿಯಲ್ಲೇ ಕೂರಿಸಿ ಆಮೇಲೆ ಆಪರೇಷನ್ ಥಿಯೇಟರಿಗೆ ಬಿಡುತ್ತವೆ. ಇನ್ನು ಕೆಲವು ಎರಡನ್ನೂ ಆರಂಭದಿಂದಲೇ ಜೊತೆಜೊತೆಗೆ ನಡೆಸುತ್ತವೆ.

ಪಠ್ಯದಲ್ಲಿ ಭೌತಶಾಸ್ತ್ರವೂ ಇದೆ ಎಂದರೆ ನರ್ಸಿಂಗ್ ವಿದ್ಯಾರ್ಥಿಗಳು ಹುಬ್ಬೇರಿಸುವುದುಂಟು. ಪಿ.ಯು.ಸಿ.ಯಲ್ಲಿ ಬಾಯಿಪಾಠ ಮಾಡಿ ಮರೆತ ನಿಯಮಗಳು ಇಲ್ಲಿ ಪ್ರಾಣ ಉಳಿಸುವ ಲೆಕ್ಕಗಳಾಗುತ್ತವೆ. ಆಮ್ಲಜನಕದ ಸಿಲಿಂಡರಿನಲ್ಲಿ ಇರುವುದು ಅನಿಲ. ಅದರ ಒತ್ತಡ ಅರ್ಧಕ್ಕೆ ಇಳಿದರೆ ಅನಿಲವೂ ಅರ್ಧ ಖರ್ಚಾಗಿದೆ ಎಂದೇ ಅರ್ಥ. ಇದು ಬಾಯ್ಲ್ ಹೇಳಿದ್ದು. ಆದರೆ ಪಕ್ಕದಲ್ಲೇ ಇರುವ ನೈಟ್ರಸ್ ಆಕ್ಸೈಡ್ ಸಿಲಿಂಡರಿನ ಮುಳ್ಳನ್ನು ಹಾಗೆ ನಂಬಿದರೆ ಮೋಸ ಹೋದಂತೆ. ಅದರೊಳಗೆ ಇರುವುದು ಬಹುಪಾಲು ದ್ರವ. ಅನಿಲ ಹೊರಹೋದಷ್ಟೂ ದ್ರವ ಆವಿಯಾಗಿ ಜಾಗ ತುಂಬುತ್ತದೆ, ಮುಳ್ಳು ನಿಂತಲ್ಲೇ ನಿಂತಿರುತ್ತದೆ. ದ್ರವವೆಲ್ಲ ತೀರಿದ ಮೇಲೆ ಮುಳ್ಳು ಇಳಿಯತೊಡಗುವ ಹೊತ್ತಿಗೆ ಸಿಲಿಂಡರಿನ ಮುಕ್ಕಾಲು ಪಾಲು ಖಾಲಿ. ಎಷ್ಟು ಉಳಿದಿದೆ ಎಂದು ತಿಳಿಯಲು ಸಿಲಿಂಡರನ್ನು ತೂಗಿ ನೋಡಬೇಕು. ಸೆವೋಫ್ಲುರೇನ್‌ನಂಥ ದ್ರವವನ್ನು ಆವಿ ಮಾಡುವ ವೇಪರೈಜರ್ ಕೂಡ ಗುಪ್ತೋಷ್ಣದ ಪಾಠವೇ. ದ್ರವ ಆವಿಯಾದಂತೆ ತಣ್ಣಗಾಗುತ್ತದೆ, ತಣ್ಣಗಾದಂತೆ ಕಡಿಮೆ ಆವಿ ಕೊಡುತ್ತದೆ. ಅದನ್ನು ಸರಿದೂಗಿಸುವ ವ್ಯವಸ್ಥೆ ಯಂತ್ರದೊಳಗಿದೆ. ಆ ವ್ಯವಸ್ಥೆ ಏಕಿದೆ ಎಂದು ಗೊತ್ತಿಲ್ಲದವರ ಕೈಗೆ ಯಂತ್ರ ಕೊಡುವುದಿಲ್ಲ.

ಆರು ನೂರು ನಿದ್ದೆಗಳು

ತರಬೇತಿಯ ತಿರುಳು ಇರುವುದು ಥಿಯೇಟರಿನಲ್ಲಿ. ವಿದ್ಯಾರ್ಥಿ ಮುಗಿಸಬೇಕಾದದ್ದು ಕನಿಷ್ಠ 2,000 ಗಂಟೆಗಳ ಕೆಲಸ, ಕನಿಷ್ಠ 600 ರೋಗಿಗಳ ಅರಿವಳಿಕೆ. ಸುಲಭದ 600 ಆರಿಸಿಕೊಳ್ಳುವ ಹಾಗಿಲ್ಲ. ಪೂರ್ಣ ಅರಿವಳಿಕೆ 400 ಇರಬೇಕು. ಶ್ವಾಸನಾಳಕ್ಕೆ ಕೊಳವೆ ಹಾಕಿದ್ದು 250. ಅರುವತ್ತೈದು ದಾಟಿದ ಹಿರಿಯರು 100, ಎರಡರಿಂದ ಹನ್ನೆರಡು ವರ್ಷದ ಮಕ್ಕಳು 30, ಎರಡು ವರ್ಷ ತುಂಬದ ಕೂಸುಗಳು 10, ಸಿಸೇರಿಯನ್ ಹೆರಿಗೆ 10, ತುರ್ತು ಶಸ್ತ್ರಚಿಕಿತ್ಸೆ 30. ಪ್ರತಿಯೊಂದನ್ನೂ ವಿದ್ಯಾರ್ಥಿ ದಾಖಲೆಯಲ್ಲಿ ಬರೆದಿಡಬೇಕು. ಯಾವ ಬಗೆಯದು ಕಡಿಮೆ ಬಿದ್ದರೂ ಪದವಿ ಮುಂದಕ್ಕೆ ಹೋಗುತ್ತದೆ. ಚಿಕ್ಕ ಆಸ್ಪತ್ರೆಗೆ ಅಂಟಿಕೊಂಡ ಕೋರ್ಸಿನವರು ಮಕ್ಕಳ ಶಸ್ತ್ರಚಿಕಿತ್ಸೆಗಾಗಿ ಬೇರೆ ಊರಿಗೆ ಹೋಗಿ ತಿಂಗಳುಗಟ್ಟಲೆ ಇರಬೇಕಾಗುವುದು ಈ ಕಾರಣಕ್ಕೆ.

ಕೊಳವೆ ಹಾಕುವುದಕ್ಕೆ 250 ಏಕೆ ಎಂಬ ಪ್ರಶ್ನೆ ಏಳಬಹುದು. ರೋಗಿಗೆ ಮೊದಲು ಕೆಲವು ನಿಮಿಷ ಶುದ್ಧ ಆಮ್ಲಜನಕ ಕೊಡುತ್ತಾರೆ. ಬಳಿಕ ನಿದ್ದೆಯ ಔಷಧಿ, ಸ್ನಾಯುಗಳನ್ನು ಸಡಿಲಿಸುವ ಔಷಧಿ. ಉಸಿರು ನಿಲ್ಲುತ್ತದೆ. ಅಲ್ಲಿಂದ ಗಡಿಯಾರ ಓಡತೊಡಗಿದಂತೆ. ಬಾಯೊಳಗೆ ಲ್ಯಾರಿಂಗೋಸ್ಕೋಪ್ ಇಳಿಸಿ, ನಾಲಿಗೆಯನ್ನು ಬದಿಗೆ ಸರಿಸಿ, ಧ್ವನಿತಂತುಗಳ ನಡುವಿನ ಸಂದು ಹುಡುಕಿ ಕೊಳವೆ ತೂರಿಸಬೇಕು. ಹಿಂದೆಯೇ ಅನ್ನನಾಳದ ಬಾಯಿ ಇದೆ. ಕೊಳವೆ ತಪ್ಪಿ ಅಲ್ಲಿಗೆ ಹೋಗುವುದು ಸುಲಭ. ಹೊರಬರುವ ಉಸಿರಿನಲ್ಲಿ ಇಂಗಾಲದ ಡೈಆಕ್ಸೈಡ್ ಅಲೆ ಪರದೆಯ ಮೇಲೆ ಕಾಣುವತನಕ ಕೊಳವೆ ಸರಿಯಾದ ಜಾಗದಲ್ಲಿದೆ ಎಂದು ಒಪ್ಪುವಂತಿಲ್ಲ. ಒಬ್ಬರ ಕತ್ತು ಗಿಡ್ಡ, ಇನ್ನೊಬ್ಬರ ದವಡೆ ಹಿಂದೆ ಸರಿದದ್ದು, ಮತ್ತೊಬ್ಬರಿಗೆ ಬಾಯಿಯೇ ಪೂರ್ತಿ ತೆರೆಯದು. ಹತ್ತು ಸಲ ಮಾಡಿದವರಿಗೆ ಕೈಚಳಕ ಬಂದಂತೆ ಅನ್ನಿಸುತ್ತದೆ. ಕಷ್ಟದ ಗಂಟಲು ಎದುರಾದಾಗ ಏನು ಮಾಡಬೇಕು, ಯಾವಾಗ ಪ್ರಯತ್ನ ನಿಲ್ಲಿಸಿ ಮುಖವಾಡದಿಂದಲೇ ಉಸಿರು ಕೊಡಬೇಕು ಎಂಬ ವಿವೇಕ ಬರಲು ಸಂಖ್ಯೆ ಏರಲೇಬೇಕು.

ಕೆಲವು ಅಪಾಯಗಳು ಆರು ನೂರರಲ್ಲೂ ಕಾಣಸಿಗುವುದಿಲ್ಲ. ಮ್ಯಾಲಿಗ್ನೆಂಟ್ ಹೈಪರ್‌ಥರ್ಮಿಯಾ ಅಂಥದ್ದು. ವಂಶವಾಹಿಯಲ್ಲಿ ದೋಷವಿರುವ ಕೆಲವರಿಗೆ ಕೆಲವು ಅರಿವಳಿಕೆ ಅನಿಲಗಳು ತಾಕಿದರೆ ಸ್ನಾಯುಗಳು ಸೆಟೆದು, ಇಂಗಾಲದ ಡೈಆಕ್ಸೈಡ್ ಏರಿ, ಮೈ ಕಾದ ಹೆಂಚಿನಂತಾಗುತ್ತದೆ. ಕೂಡಲೇ ಅನಿಲ ನಿಲ್ಲಿಸಿ ಡ್ಯಾಂಟ್ರೊಲೀನ್ ಎಂಬ ಔಷಧಿ ಕೊಡದಿದ್ದರೆ ರೋಗಿ ಉಳಿಯುವುದು ಕಷ್ಟ. ವೃತ್ತಿಜೀವನದಲ್ಲಿ ಇದನ್ನು ಒಮ್ಮೆಯೂ ಕಾಣದವರು ಎಷ್ಟೋ ಮಂದಿ. ಆದರೂ ಬಂದ ದಿನ ಪುಸ್ತಕ ತೆರೆಯಲು ಸಮಯವಿರುವುದಿಲ್ಲವಾದ್ದರಿಂದ ಉಸಿರಾಡುವ, ನಾಡಿ ಮಿಡಿಯುವ ಬೊಂಬೆಗಳ ಮೇಲೆ ಇದರ ಅಭ್ಯಾಸ ಮಾಡಿಸುತ್ತಾರೆ.

ಥಿಯೇಟರಿನಲ್ಲಿ ವಿದ್ಯಾರ್ಥಿಯನ್ನು ಒಂಟಿಯಾಗಿ ಬಿಡುವಂತಿಲ್ಲ, ಸಿ.ಆರ್.ಎನ್.ಎ. ಅಥವಾ ಅರಿವಳಿಕೆ ವೈದ್ಯರ ಮೇಲ್ವಿಚಾರಣೆ ಇರಬೇಕು. ಒಬ್ಬ ಮೇಲ್ವಿಚಾರಕರಿಗೆ ಹೆಚ್ಚೆಂದರೆ ಇಬ್ಬರು ವಿದ್ಯಾರ್ಥಿಗಳು. ತರಗತಿ, ಥಿಯೇಟರ್, ರಾತ್ರಿ ಪಾಳಿ ಎಲ್ಲ ಸೇರಿ ವಾರಕ್ಕೆ ಸರಾಸರಿ 64 ಗಂಟೆ ಮೀರಬಾರದು, ರೋಗಿಯ ಆರೈಕೆ ಒಂದೇ ಸಮನೆ 16 ಗಂಟೆ ದಾಟಬಾರದು ಎಂದೂ ನಿಯಮವಿದೆ. ಅರುವತ್ತನಾಲ್ಕು ಗಂಟೆ ಎಂದರೂ ಅದು ಮಿತಿಯೇ ಹೊರತು ವಿರಾಮವಲ್ಲ. ಕೆಲಸ ಮಾಡುತ್ತ ಓದುವುದು ಬಹುತೇಕ ಅಸಾಧ್ಯ. ಹಾಗಾಗಿ ಐ.ಸಿ.ಯು.ನ ಒಳ್ಳೆಯ ಸಂಬಳ ಬಿಟ್ಟು, ಹಲವು ವಿಶ್ವವಿದ್ಯಾಲಯಗಳಲ್ಲಿ ಲಕ್ಷ ಡಾಲರ್ ದಾಟುವ ಶುಲ್ಕಕ್ಕೆ ಸಾಲ ಮಾಡಿ, ಮೂರು ವರ್ಷ ಕಳೆಯಬೇಕು. ಎರಡು ಲಕ್ಷ ಡಾಲರಿನ ಸಂಬಳ ಹೇಳುವವರು ಈ ಮೂರು ವರ್ಷದ ಲೆಕ್ಕವನ್ನೂ ಹೇಳಬೇಕು.

ಡಾಕ್ಟರೇಟ್ ಕಡ್ಡಾಯ ಮಾಡಿದ್ದು ಸರಿಯೇ ಎಂಬ ಚರ್ಚೆಗೂ ಕಾರಣ ಇದೇ. ಹೊಸ ಪದವಿಯಲ್ಲಿ ವಿದ್ಯಾರ್ಥಿ ಒಂದು ಅಧ್ಯಯನವನ್ನೂ ಮುಗಿಸಬೇಕು. ಶಸ್ತ್ರಚಿಕಿತ್ಸೆಯ ನಂತರದ ವಾಂತಿಯನ್ನು ಕಡಿಮೆ ಮಾಡುವುದು ಹೇಗೆ ಎಂಬಂಥ ಆಸ್ಪತ್ರೆಯ ದಿನನಿತ್ಯದ ಸಮಸ್ಯೆ ಅದರ ವಸ್ತು. ಇದರಿಂದ ಉಪಯೋಗವಿಲ್ಲ ಎನ್ನಲಾಗದು. ಆದರೆ ರೋಗಿಯ ತಲೆಯ ಬಳಿ ಕೂರುವ ಕೈಗೆ ಅದರಿಂದ ಎಷ್ಟು ಹದ ಬಂತು, ಸಾಲದ ಹೊರೆ ಎಷ್ಟು ಹೆಚ್ಚಿತು ಎಂದು ತೂಗಿದರೆ ತಕ್ಕಡಿ ಯಾವ ಕಡೆ ವಾಲುತ್ತದೆಂದು ಹೇಳುವುದು ಸುಲಭವಲ್ಲ. ಸಾಮಾನ್ಯ ಕುಟುಂಬದ ನರ್ಸ್‌ಗೆ ಬಾಗಿಲು ಇನ್ನಷ್ಟು ಎತ್ತರವಾದದ್ದಂತೂ ನಿಜ.

ಪದವಿ ಸಿಕ್ಕ ಮೇಲೆ ರಾಷ್ಟ್ರೀಯ ಪರೀಕ್ಷೆ. ಕಂಪ್ಯೂಟರ್ ಎದುರು ಗರಿಷ್ಠ ಮೂರು ಗಂಟೆ, 100ರಿಂದ 170 ಪ್ರಶ್ನೆ. ಸರಿಯುತ್ತರ ಕೊಟ್ಟಂತೆ ಪ್ರಶ್ನೆಗಳು ಕಠಿಣವಾಗುತ್ತ ಹೋಗುತ್ತವೆ. ಅಭ್ಯರ್ಥಿಯ ಮಟ್ಟ ಖಚಿತವಾದೊಡನೆ ಯಂತ್ರವೇ ಪರೀಕ್ಷೆ ನಿಲ್ಲಿಸುತ್ತದೆ. ಅದಾದ ಮೇಲೂ ನಿಗದಿತ ಅವಧಿಗೊಮ್ಮೆ ಪ್ರಮಾಣಪತ್ರ ನವೀಕರಿಸಿಕೊಳ್ಳುತ್ತಿರಬೇಕು. ಕೆಲಸದಲ್ಲಿ ವೈದ್ಯರ ಮೇಲ್ವಿಚಾರಣೆ ಬೇಕೇ ಬೇಡವೇ ಎಂಬುದು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಸರ್ಕಾರಿ ವಿಮೆಯ ರೋಗಿಗಳ ವಿಷಯದಲ್ಲಿ ಈ ಷರತ್ತಿನಿಂದ ಹೊರಬರುವ ಅವಕಾಶವನ್ನು 2001ರಲ್ಲಿ ರಾಜ್ಯಗಳಿಗೆ ಕೊಡಲಾಯಿತು. ಮೊದಲು ಹೊರಬಂದದ್ದು ಅಯೋವಾ. ವೈದ್ಯಕೀಯ ಶಾಲೆಯ ನಾಲ್ಕು ವರ್ಷ, ತರಬೇತಿಯ ಇನ್ನೂ ನಾಲ್ಕು ವರ್ಷ ಕಳೆದ ಅರಿವಳಿಕೆ ವೈದ್ಯರು ಇದನ್ನು ಒಪ್ಪುವುದಿಲ್ಲ. ವೈದ್ಯರು ಸಿಗದ ಹಳ್ಳಿಗಾಡಿನ ಆಸ್ಪತ್ರೆಗಳಲ್ಲಿ ಹೆರಿಗೆ, ಅಪಘಾತಗಳನ್ನು ನಿಭಾಯಿಸುತ್ತಿರುವವರು ತಾವೇ ಎಂಬುದು ನರ್ಸ್‌ಗಳ ಉತ್ತರ.

ಇಲ್ಲಿಂದ ಅಲ್ಲಿಗೆ

ಕರ್ನಾಟಕದಲ್ಲಿ ಗೊಂದಲ ಹುಟ್ಟುವುದು ಹೆಸರಿನಿಂದ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯಲ್ಲಿ ಅನಸ್ತೇಷಿಯಾ ಮತ್ತು ಆಪರೇಷನ್ ಥಿಯೇಟರ್ ಟೆಕ್ನಾಲಜಿಯ ಬಿ.ಎಸ್ಸಿ. ಕೋರ್ಸಿದೆ. ಒಳ್ಳೆಯ ಕೋರ್ಸು, ಆಸ್ಪತ್ರೆಗಳಲ್ಲಿ ಬೇಡಿಕೆಯೂ ಇದೆ. ಯಂತ್ರ ಸಿದ್ಧಪಡಿಸುವುದು, ಔಷಧಿ, ಸಲಕರಣೆ ಜೋಡಿಸುವುದು, ಅರಿವಳಿಕೆ ವೈದ್ಯರ ಬಲಗೈಯಾಗಿ ನಿಲ್ಲುವುದು ಆ ತಂತ್ರಜ್ಞರ ಕೆಲಸ. ಆದರೆ ಅದು ನರ್ಸಿಂಗ್ ಪದವಿಯಲ್ಲ. ಅದನ್ನು ಓದಿದವರಿಗೆ ನರ್ಸ್ ಪರವಾನಗಿ ಸಿಗದು, ನರ್ಸ್ ಪರವಾನಗಿ ಇಲ್ಲದೆ ಸಿ.ಆರ್.ಎನ್.ಎ. ಕೋರ್ಸಿನ ಅರ್ಜಿಯನ್ನೂ ತುಂಬಲಾಗದು. ಅಮೆರಿಕದಲ್ಲಿ ನರ್ಸ್ ಅಲ್ಲದವರಿಗೆ ಅನಸ್ತೇಷಿಯಾಲಜಿಸ್ಟ್ ಅಸಿಸ್ಟೆಂಟ್ ಎಂಬ ಬೇರೊಂದು ಸ್ನಾತಕೋತ್ತರ ದಾರಿ ಇದೆ. ಅದು ಅರಿವಳಿಕೆ ವೈದ್ಯರ ಕೈಕೆಳಗಿನ ಕೆಲಸ, ಎಲ್ಲ ರಾಜ್ಯಗಳಲ್ಲೂ ಇಲ್ಲ. ದ್ವಿತೀಯ ಪಿ.ಯು.ಸಿ. ಮುಗಿಸಿ ಎರಡರಲ್ಲಿ ಒಂದನ್ನು ಆರಿಸುವಾಗಲೇ ಇದು ಗೊತ್ತಿರಬೇಕು. ನಾಲ್ಕು ವರ್ಷದ ನಂತರ ಗೊತ್ತಾದರೆ ಮತ್ತೆ ಮೊದಲಿನಿಂದ ನರ್ಸಿಂಗ್ ಓದಬೇಕಾದೀತು.

ಬಿ.ಎಸ್ಸಿ. ನರ್ಸಿಂಗ್ ಓದಿದವರ ಮುಂದಿನ ಹೆಜ್ಜೆ ಎನ್‌ಕ್ಲೆಕ್ಸ್ ಪರೀಕ್ಷೆ. ಅದಕ್ಕೆ ಬೆಂಗಳೂರಿನಲ್ಲೇ ಕೇಂದ್ರವಿದೆ. ಇಂಗ್ಲಿಷ್ ಪರೀಕ್ಷೆ, ಅರ್ಹತಾ ಪರಿಶೀಲನೆ, ವೀಸಾ ಆಮೇಲೆ. ಭಾರತೀಯರಿಗೆ ನರ್ಸ್ ವೀಸಾದ ಸರದಿ ವರ್ಷಗಟ್ಟಲೆ ಎಳೆಯುತ್ತದೆ. ಅಲ್ಲಿ ಹೋಗಿ ಐ.ಸಿ.ಯು. ಅನುಭವ, ಬಳಿಕ ಮೂರು ವರ್ಷದ ಕೋರ್ಸು. ಅಮೆರಿಕದಲ್ಲೇ ಹುಟ್ಟಿದವರಿಗೂ ನರ್ಸಿಂಗ್ ಕಾಲೇಜಿನ ಮೊದಲ ದಿನದಿಂದ ಎಣಿಸಿದರೆ ಎಂಟು ವರ್ಷ ಹಿಡಿಯುವ ದಾರಿ ಇದು. ಇಲ್ಲಿಂದ ಹೊರಟವರಿಗೆ ವೀಸಾದ ಕಾಯುವಿಕೆ ಅದರ ಮೇಲೆ.

ಕಾಲೇಜು ಆರಿಸುವಾಗ ಕಟ್ಟಡದ ಅಂದಕ್ಕಿಂತ ಮುಖ್ಯವಾಗಿ ವಿಚಾರಿಸಬೇಕಾದದ್ದು ಅದರ ಆಸ್ಪತ್ರೆಯನ್ನು. ಸ್ವಂತ ಆಸ್ಪತ್ರೆ ಇದೆಯೇ, ಎಷ್ಟು ಹಾಸಿಗೆ, ವಿದ್ಯಾರ್ಥಿಗಳನ್ನು ಐ.ಸಿ.ಯು.ಗೆ ನಿಜವಾಗಿ ಕಳಿಸುತ್ತಾರೆಯೇ ಎಂದು ಈಗ ಓದುತ್ತಿರುವವರನ್ನೇ ಕೇಳುವುದು ಮೇಲು. ಇನ್ನೊಂದು ಸಂಗತಿ ದಾಖಲೆಗಳದ್ದು. ವಿದೇಶದ ಪರಿಶೀಲನಾ ಸಂಸ್ಥೆಗಳು ಅಂಕಪಟ್ಟಿಯಷ್ಟಕ್ಕೇ ತೃಪ್ತರಾಗುವುದಿಲ್ಲ. ವಯಸ್ಕರ ಶುಶ್ರೂಷೆ, ತಾಯಿ ಆರೈಕೆ, ಮಕ್ಕಳ ಶುಶ್ರೂಷೆ, ಮನೋರೋಗ ಶುಶ್ರೂಷೆ ಇವುಗಳಲ್ಲಿ ಒಂದೊಂದಕ್ಕೂ ತರಗತಿಯಲ್ಲಿ ಎಷ್ಟು ಗಂಟೆ, ವಾರ್ಡಿನಲ್ಲಿ ಎಷ್ಟು ಗಂಟೆ ಎಂಬ ಲೆಕ್ಕವನ್ನು ಕಾಲೇಜಿನಿಂದ ನೇರವಾಗಿ ತರಿಸಿಕೊಳ್ಳುತ್ತವೆ. ಪದವಿ ಮುಗಿದು ಆರೇಳು ವರ್ಷವಾದ ಮೇಲೆ ಆ ಲೆಕ್ಕಕ್ಕಾಗಿ ಕಾಲೇಜಿನ ಕಚೇರಿಗೆ ಅಲೆಯುವ ಬದಲು, ಕೊನೆಯ ವರ್ಷದಲ್ಲೇ ವಾರ್ಡಿನ ದಿನಚರಿ ಪುಸ್ತಕಕ್ಕೆ ಪ್ರಾಂಶುಪಾಲರ ಸಹಿ, ಮೊಹರು ಹಾಕಿಸಿ ಒಂದು ಪ್ರತಿಯನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಲೇಸು.